ಹೊಸ ಫೈಲ್ ಸಿಸ್ಟಂ ಪರೀಕ್ಷಿಸಲು ನನ್ನ ಡೇಟಾ ಪಣಕ್ಕಿಡಬೇಕೇ?

ಪ್ರಶ್ನೆ: ಒಂದು ಓಪನ್ ಸೋರ್ಸ್ ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಇನ್ನೂ ಪ್ರಾಯೋಗಿಕ ಹಂತದಲ್ಲಿದೆ. ಪರೀಕ್ಷೆಗೆ ಸ್ವಯಂಸೇವಕರು ಬೇಕು ಅಂತ ಅದರ ಡೆವಲಪರ್‌ಗಳು ಕೇಳಿದ್ದಾರೆ. ನನಗೆ ಲಿನಕ್ಸ್ ಚೆನ್ನಾಗಿ ಗೊತ್ತು, ಅದರ ಕರ್ನಲ್ (ಒಳಗಿನ ಮೂಲ ಪ್ರೋಗ್ರಾಂ) ಕಂಪೈಲ್ ಮಾಡಿದ್ದೇನೆ. ಆದರೆ ಸಿ ಕೋಡ್ ಬರೆಯಲು ಬರುವುದಿಲ್ಲ. ದಿನಾ ಬಳಸುವ ಕಂಪ್ಯೂಟರ್‌ನಲ್ಲಿ ಎರಡನೇ ಡ್ರೈವ್ ಖಾಲಿ ಇದೆ. ಒಂದು ಹಳೇ ಲ್ಯಾಪ್‌ಟಾಪ್ ಕೂಡ ಇದೆ. ಹೋಮ್ ಫೋಲ್ಡರನ್ನೇ ಅದರಲ್ಲಿ ಇಟ್ಟು ಬಳಸಿದರೆ ಮಾತ್ರ ನಿಜವಾದ ಪರೀಕ್ಷೆ ಅಂತ ನನ್ನ ಗೆಳೆಯ ಹೇಳುತ್ತಾನೆ. ಅದು ಸರಿಯೇ? ಏನಾದರೂ ಕೆಟ್ಟರೆ ಮೊದಲು ಏನು ಮಾಡಬೇಕು? ಇಷ್ಟಕ್ಕೂ ನನ್ನಂಥವರ ಪರೀಕ್ಷೆಯಿಂದ ಅವರಿಗೆ ಉಪಯೋಗ ಆಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಪಯೋಗ ಆಗುತ್ತದೆ, ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿಯೇ ಆಗುತ್ತದೆ. ಅದಕ್ಕೆ ಸಿ ಕೋಡ್ ಬರೆಯಲು ಬರಬೇಕಾಗಿಲ್ಲ. ಆದರೆ ನಿಮ್ಮ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ನೀವು ನಿಮ್ಮ ಫೋಟೋ, ಕಾಗದಪತ್ರ ಕಳೆದುಕೊಂಡರೆ ಡೆವಲಪರ್‌ಗೆ ಒಂದು ಸಾಲಿನ ಲಾಭವೂ ಇಲ್ಲ. ನಿಮಗೆ ಬಂದ ತೊಂದರೆಯನ್ನು ಅವರು ತಮ್ಮ ಕಂಪ್ಯೂಟರ್‌ನಲ್ಲಿ ಮತ್ತೆ ಬರಿಸಿಕೊಳ್ಳಲು ಸಾಧ್ಯವಾದರೆ ಮಾತ್ರ ಅವರಿಗೆ ಲಾಭ. ಸ್ವಯಂಸೇವಕರ ಕೆಲಸವನ್ನು ನಾನು ಅಳೆಯುವುದು ಇದೊಂದರಿಂದಲೇ. ಯಂತ್ರ ಎಲ್ಲಿಡಬೇಕು, ಏನು ಬರೆದಿಟ್ಟುಕೊಳ್ಳಬೇಕು ಎಂಬ ಮಿಕ್ಕ ಮಾತೆಲ್ಲ ಇದರಿಂದಲೇ ಹುಟ್ಟುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಅದು ಪ್ರಾಯೋಗಿಕ ಫೈಲ್ ಸಿಸ್ಟಂನಲ್ಲಿ ನಡೆದದ್ದಲ್ಲ, ಎಷ್ಟೋ ವರ್ಷ ಪಳಗಿದ ಝಡ್‌ಎಫ್‌ಎಸ್‌ನಲ್ಲಿ ನಡೆದದ್ದು. 2023ರ ಅಕ್ಟೋಬರ್‌ನಲ್ಲಿ ಅದರ ಓಪನ್ ಸೋರ್ಸ್ ರೂಪವಾದ ಓಪನ್‌ಝಡ್‌ಎಫ್‌ಎಸ್ 2.2.0 ಬಂತು. ಫೈಲ್ ಕಾಪಿ ಮಾಡುವಾಗ ಮಾಹಿತಿಯನ್ನು ಮತ್ತೆ ಬರೆಯದೆ, ಇರುವ ಬ್ಲಾಕ್‌ಗಳನ್ನೇ ಹಂಚಿಕೊಳ್ಳುವ ಬ್ಲಾಕ್ ಕ್ಲೋನಿಂಗ್ ಎಂಬ ಸೌಲಭ್ಯ ಅದರಲ್ಲಿ ಹೊಸದು. ಮುಂದಿನ ತಿಂಗಳೇ ಜೆಂಟೂ ಎಂಬ ಲಿನಕ್ಸ್ ಡಿಸ್ಟ್ರಿಬ್ಯೂಷನ್ (ಬಳಕೆಗೆ ಜೋಡಿಸಿಕೊಟ್ಟ ಲಿನಕ್ಸ್) ಬಳಸುವ ಒಬ್ಬರು ವರದಿ ಕಳಿಸಿದರು. ಗೋ ಭಾಷೆಯ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದಾಗ ಕೆಲವು ಫೈಲ್‌ಗಳ ಒಳಗೆ ಮಾಹಿತಿ ಇರಬೇಕಾದ ಕಡೆ ಬರೀ ಸೊನ್ನೆಗಳಿದ್ದವು. ಎಲ್ಲರ ಅನುಮಾನವೂ ಹೊಸ ಸೌಲಭ್ಯದ ಮೇಲೆ ಹೋಯಿತು. 2.2.1ರಲ್ಲಿ ಅದನ್ನು ಆಫ್ ಮಾಡಿದರು. ಆದರೂ ತೊಂದರೆ ನಿಲ್ಲಲಿಲ್ಲ.

ಆಗ ದಾರಿ ತೋರಿಸಿದ್ದು ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್. ಫೈಲ್ ಬರೆಯುವುದು, ಬರೆದ ಕೂಡಲೇ ಕಾಪಿ ಮಾಡುವುದು, ಕಾಪಿಯನ್ನು ಮೂಲದ ಜೊತೆ ಹೋಲಿಸುವುದು, ಇದನ್ನೇ ಒಟ್ಟಿಗೆ ಹಲವು ಕಡೆ ಓಡಿಸುವುದು, ಅಷ್ಟೇ ಅದರ ಕೆಲಸ. ಯಾರ್ಯಾರೋ ತಮ್ಮ ತಮ್ಮ ಯಂತ್ರಗಳಲ್ಲಿ, ಬೇರೆ ಬೇರೆ ಆವೃತ್ತಿಗಳ ಮೇಲೆ ಅದನ್ನು ಓಡಿಸಿದರು. ಬ್ಲಾಕ್ ಕ್ಲೋನಿಂಗ್ ಇಲ್ಲದ ಹಳೇ ಆವೃತ್ತಿಗಳಲ್ಲೂ ಅದೇ ದೋಷ ಕಂಡಿತು! ನಿಜವಾದ ಕಾರಣ ಬೇರೆಯೇ ಇತ್ತು. ಈಗಷ್ಟೇ ಬರೆದ, ಇನ್ನೂ ಡಿಸ್ಕ್‌ಗೆ ಇಳಿಯದ ಫೈಲಿನಲ್ಲಿ ಖಾಲಿ ಜಾಗ ಎಲ್ಲೆಲ್ಲಿದೆ ಎಂದು ಯಾವುದಾದರೂ ಪ್ರೋಗ್ರಾಂ ಕೇಳಿದರೆ, ಝಡ್‌ಎಫ್‌ಎಸ್ ಬಹಳ ಅಪರೂಪಕ್ಕೆ ತಪ್ಪು ಉತ್ತರ ಕೊಡುತ್ತಿತ್ತು. ಲಿನಕ್ಸ್‌ನ ಕಾಪಿ ಕಮಾಂಡ್ ಹೊಸ ಆವೃತ್ತಿಗಳಲ್ಲಿ ಆ ಪ್ರಶ್ನೆಯನ್ನು ಹೆಚ್ಚಾಗಿ ಕೇಳತೊಡಗಿತ್ತು. ಹಾಗಾಗಿ ವರ್ಷಗಟ್ಟಲೆ ಅಡಗಿದ್ದ ದೋಷ ಮೇಲೆ ಬಂತು. ನವೆಂಬರ್ ಕೊನೆಯಲ್ಲಿ 2.2.2 ಮತ್ತು 2.1.14 ಆವೃತ್ತಿಗಳಲ್ಲಿ ಸರಿಪಡಿಸಿದರು. ಸ್ಕ್ರಿಪ್ಟ್ ಓಡಿಸಿ ಫಲಿತಾಂಶ ಕಳಿಸಿದವರು ಫೈಲ್ ಸಿಸ್ಟಂ ಕೋಡ್ ಓದಿರಬೇಕಾದ ಅಗತ್ಯವೇ ಇರಲಿಲ್ಲ. ಅವರ ಉತ್ತರಗಳಿಂದಲೇ ತಪ್ಪು ಅನುಮಾನ ಬಿದ್ದುಹೋಯಿತು.

ಈಗ ನಿಮ್ಮ ಎರಡನೇ ಡ್ರೈವ್ ವಿಷಯ. ಪ್ರಾಯೋಗಿಕ ಫೈಲ್ ಸಿಸ್ಟಂ ಎರಡನೇ ಡ್ರೈವ್‌ನಲ್ಲಿದ್ದರೆ ಮೊದಲನೆಯದಕ್ಕೆ ಏನೂ ಆಗದು ಅಂತ ಅನಿಸುತ್ತದೆ. ಬಹುಪಾಲು ಸಲ ಆಗುವುದೂ ಇಲ್ಲ. ಆದರೆ ಡ್ರೈವ್ ಎರಡಾದರೂ ಕರ್ನಲ್ ಒಂದೇ, ಅದರ ಮೆಮೊರಿಯೂ ಒಂದೇ. ಫೈಲ್ ಸಿಸ್ಟಂ ಕರ್ನಲ್ ಒಳಗೆ ಓಡುವ ಕೋಡ್. ಅದರಲ್ಲಿನ ಒಂದು ತಪ್ಪು ಪಾಯಿಂಟರ್ (ಮೆಮೊರಿಯ ವಿಳಾಸ) ಬೇರೆಯವರ ಮೆಮೊರಿಯನ್ನು ಕೆಡಿಸಬಹುದು. ಆ ಮೆಮೊರಿಯಲ್ಲಿ ನಿಮ್ಮ ಮೊದಲ ಡ್ರೈವ್‌ಗೆ ಇಳಿಯಬೇಕಾದ ಮಾಹಿತಿ ಕೂತಿರಬಹುದು. ಅಷ್ಟು ಕೆಡದಿದ್ದರೂ ಇಡೀ ಯಂತ್ರ ಸ್ತಬ್ಧವಾಗಿ, ಬೇರೆ ಕಿಟಕಿಯಲ್ಲಿ ಬರೆಯುತ್ತಿದ್ದ ಕೆಲಸ ಹೋಗಬಹುದು. ಆದ್ದರಿಂದ ದಿನಬಳಕೆಯ ಯಂತ್ರದಲ್ಲಿ ನೇರವಾಗಿ ಬೇಡ. ಅದರೊಳಗೆ ಒಂದು ವರ್ಚುವಲ್ ಮಷೀನ್ (ಸಾಫ್ಟ್‌ವೇರ್‌ನಲ್ಲೇ ಓಡುವ ಇನ್ನೊಂದು ಕಂಪ್ಯೂಟರ್) ಮಾಡಿ, ಖಾಲಿ ಡ್ರೈವ್ ಜಾಗವನ್ನು ಅದಕ್ಕೆ ವರ್ಚುವಲ್ ಡಿಸ್ಕ್‌ಗಳಾಗಿ ಕೊಡಿ. ಒಳಗಿನ ಕರ್ನಲ್ ಬಿದ್ದರೆ ಒಳಗಿನದು ಮಾತ್ರ ಬೀಳುತ್ತದೆ.

ವರ್ಚುವಲ್ ಮಷೀನ್‌ನಿಂದ ಇನ್ನೂ ಲಾಭಗಳಿವೆ. ಅದರ ಸೀರಿಯಲ್ ಕನ್ಸೋಲನ್ನು (ಕರ್ನಲ್ ಸಂದೇಶಗಳು ಹೊರಬರುವ ದಾರಿ) ಹೊರಗಿನ ಯಂತ್ರದ ಒಂದು ಫೈಲ್‌ಗೆ ತಿರುಗಿಸಿಡಿ. ಇದನ್ನು ಮೊದಲ ದಿನವೇ ಮಾಡಿಕೊಳ್ಳಿ ಅಂತ ಒತ್ತಿ ಹೇಳುತ್ತೇನೆ. ಕರ್ನಲ್ ಸಾಯುವಾಗ ಕೊನೆಗೆ ಹೇಳುವ ಮಾತುಗಳಲ್ಲೇ ಎಲ್ಲ ಸುಳಿವೂ ಇರುತ್ತದೆ. ಲಾಗ್ ಫೈಲ್ ಕೂಡ ಅದೇ ಕೆಟ್ಟ ಫೈಲ್ ಸಿಸ್ಟಂ ಮೇಲಿದ್ದರೆ ಆ ಮಾತುಗಳು ಎಲ್ಲೂ ದಾಖಲಾಗುವುದಿಲ್ಲ. ಹಳೇ ಲ್ಯಾಪ್‌ಟಾಪ್‌ನಲ್ಲಾದರೆ ನೆಟ್‌ಕನ್ಸೋಲ್ ಇಟ್ಟುಕೊಳ್ಳಬಹುದು. ಅದು ಕರ್ನಲ್ ಸಂದೇಶಗಳನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸುತ್ತದೆ. ರೂಟ್ ಪಾರ್ಟಿಷನ್ (ಲಿನಕ್ಸ್ ತಾನೇ ಇರುವ ಡಿಸ್ಕ್ ಭಾಗ) ಮಾತ್ರ ಯಾವುದಾದರೂ ಹಳೇ, ನಂಬಿಕಸ್ಥ ಫೈಲ್ ಸಿಸ್ಟಂನಲ್ಲೇ ಇರಲಿ.

ಹಾಗಾದರೆ ಹಳೇ ಲ್ಯಾಪ್‌ಟಾಪ್ ಬೇಡವೇ? ಖಂಡಿತ ಬೇಕು. ವರ್ಚುವಲ್ ಡಿಸ್ಕ್ ತುಂಬಾ ಸಭ್ಯವಾಗಿ ನಡೆದುಕೊಳ್ಳುತ್ತದೆ. ನಿಜವಾದ ಡಿಸ್ಕ್ ಹಾಗಲ್ಲ. ಅದು ನಡುವೆ ನಿಧಾನವಾಗುತ್ತದೆ, ಒಂದು ಸೆಕ್ಟರ್ ಓದಲಾಗದೆ ಒದ್ದಾಡುತ್ತದೆ, ಯುಎಸ್‌ಬಿ ಕೇಬಲ್ ಅಲುಗಾಡಿದರೆ ಮಾಯವಾಗಿ ಮತ್ತೆ ಹೊಸ ಹೆಸರಿನಲ್ಲಿ ಬರುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಸಸ್ಪೆಂಡ್ ಆಗಿ ಏಳಬೇಕು. ದೊಡ್ಡ ಕಂಪನಿಗಳ ಸರ್ವರ್‌ಗಳಲ್ಲಿ ನಡೆಯುವ ಪರೀಕ್ಷೆಗಳು ಇಂಥದ್ದನ್ನು ಮುಟ್ಟುವುದೇ ಕಡಿಮೆ. ನಿಮ್ಮ ಹಳೇ ಲ್ಯಾಪ್‌ಟಾಪ್‌ಗೆ ಇಲ್ಲೇ ಬೆಲೆ. ಆದರೆ ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ ರ್‍ಯಾಮ್ ಸರಿಯಿದೆಯೇ ನೋಡಿಕೊಳ್ಳಿ. ರ್‍ಯಾಮ್‌ನಲ್ಲಿ ಒಂದು ಬಿಟ್ ತಿರುಗಿದರೂ ಅದು ಫೈಲ್ ಸಿಸ್ಟಂ ದೋಷದಂತೆಯೇ ಕಾಣುತ್ತದೆ. ಆಮೇಲೆ ಇಲ್ಲದ ಬಗ್ ಹುಡುಕುತ್ತ ಯಾರದ್ದೋ ವಾರಗಳು ಹಾಳಾಗುತ್ತವೆ.

ಯಾವ ಡೇಟಾ ಹಾಕಬೇಕು? ನಿಮ್ಮದಲ್ಲದ್ದನ್ನು ಹಾಕಿ. ಲಿನಕ್ಸ್ ಕರ್ನಲ್‌ನ ಸೋರ್ಸ್ ಕೋಡ್ ಇದಕ್ಕೆ ಹೇಳಿ ಮಾಡಿಸಿದ್ದು. ಸಾವಿರಾರು ಚಿಕ್ಕ ಫೈಲ್‌ಗಳು, ಆಳವಾದ ಫೋಲ್ಡರ್‌ಗಳು, ಎಲ್ಲಕ್ಕಿಂತ ಮುಖ್ಯವಾಗಿ ಅದೇ ಆವೃತ್ತಿ ಡೆವಲಪರ್ ಬಳಿಯೂ ಸಿಗುತ್ತದೆ. ದೊಡ್ಡ ಫೈಲ್ ಬೇಕಾದರೆ ಯಾವುದಾದರೂ ಡಿಸ್ಟ್ರಿಬ್ಯೂಷನ್‌ನ ಐಎಸ್‌ಒ ಇಮೇಜ್ ಸಾಕು. ಇದರಿಂದ ಇನ್ನೊಂದು ಅನುಕೂಲವೂ ಇದೆ. ತೊಂದರೆ ಬಂದಾಗ ಡೆವಲಪರ್ ಮೆಟಾಡೇಟಾ ಡಂಪ್ (ಫೈಲ್‌ಗಳ ಒಳಗಿನದನ್ನು ಬಿಟ್ಟು, ಅವುಗಳ ವಿವರಗಳ ನಕಲು) ಕೇಳುತ್ತಾರೆ. ಅದರಲ್ಲಿ ಫೈಲ್ ಹೆಸರುಗಳಿರಬಹುದು. ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂನ ಡಂಪ್ ಸಾಧನ ಹೆಸರುಗಳನ್ನು ತಾನಾಗಿಯೇ ಮರೆಮಾಚುತ್ತದೆ. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂನದಕ್ಕೆ ಹಾಗೆ ಮಾಡು ಎಂದು ಆಯ್ಕೆ ಕೊಡಬೇಕು. ಹೊಸ ಫೈಲ್ ಸಿಸ್ಟಂನಲ್ಲಿ ಆ ಸೌಲಭ್ಯ ಇನ್ನೂ ಬಂದಿರದೇ ಹೋಗಬಹುದು. ಒಳಗಿರುವುದೆಲ್ಲ ಸಾರ್ವಜನಿಕ ಫೈಲ್‌ಗಳೇ ಆಗಿದ್ದರೆ ಇಡೀ ಡಿಸ್ಕ್ ಇಮೇಜನ್ನೇ ನಿಶ್ಚಿಂತೆಯಿಂದ ಕಳಿಸಬಹುದು.

ಡೇಟಾ ಹಾಕುವ ಮುಂಚೆ ಪ್ರತಿ ಫೈಲಿನ ಚೆಕ್‌ಸಮ್ (ಒಳಗಿನ ಮಾಹಿತಿಯಿಂದ ಬರುವ ಗುರುತು ಸಂಖ್ಯೆ) ಲೆಕ್ಕ ಹಾಕಿ, ಆ ಪಟ್ಟಿಯನ್ನು ಬೇರೆ ಡಿಸ್ಕ್‌ನಲ್ಲಿ ಇಡಿ. ಫೈಲ್ ಸಿಸ್ಟಂ ತಾನೇ ಚೆಕ್‌ಸಮ್ ಇಡುತ್ತದಲ್ಲ, ಮತ್ತೆ ಯಾಕೆ ಅಂತ ನೀವು ಕೇಳಬಹುದು. ಮೇಲೆ ಹೇಳಿದ ಝಡ್‌ಎಫ್‌ಎಸ್ ಪ್ರಸಂಗವನ್ನೇ ನೋಡಿ. ಅಲ್ಲಿ ಸೊನ್ನೆಗಳು ತುಂಬಿದ ಕಾಪಿಗೂ ಸರಿಯಾದ ಚೆಕ್‌ಸಮ್ ಇತ್ತು. ತಪ್ಪು ಮಾಹಿತಿಯನ್ನೇ ಸರಿ ಎಂದು ಬರೆದ ಮೇಲೆ ಅದರ ಚೆಕ್‌ಸಮ್ ಸರಿಯಾಗಿಯೇ ಇರುತ್ತದೆ, ಅಲ್ವಾ? ಸ್ಕ್ರಬ್ (ಎಲ್ಲ ಚೆಕ್‌ಸಮ್ ಮತ್ತೆ ತಾಳೆ ನೋಡುವುದು) ಓಡಿಸಿದರೂ ಒಂದೂ ದೂರು ಬರುವುದಿಲ್ಲ. ಹೊರಗಿನ ಸಾಕ್ಷಿ ಇದ್ದರೆ ಮಾತ್ರ ಇಂಥ ದೋಷ ಸಿಕ್ಕಿಬೀಳುತ್ತದೆ.

ಇನ್ನು ಪರೀಕ್ಷೆಯ ಕೆಲಸ. ಬಹುತೇಕ ಲಿನಕ್ಸ್ ಫೈಲ್ ಸಿಸ್ಟಂ ಡೆವಲಪರ್‌ಗಳು ಬಳಸುವ ಒಂದು ಪರೀಕ್ಷಾ ಸಂಗ್ರಹ ಇದೆ. ಅದರ ಹೆಸರು ಎಕ್ಸ್‌ಎಫ್‌ಎಸ್‌ಟೆಸ್ಟ್ಸ್, ಈಗ ಎಫ್‌ಎಸ್‌ಟೆಸ್ಟ್ಸ್ ಅಂತಲೂ ಕರೆಯುತ್ತಾರೆ. ಎಸ್‌ಜಿಐ ಕಂಪನಿಯಲ್ಲಿ ಎಕ್ಸ್‌ಎಫ್‌ಎಸ್‌ಗಾಗಿ ಹುಟ್ಟಿದ್ದು, ಈಗ ಎಲ್ಲರದ್ದೂ ಆಗಿದೆ. ಅದಕ್ಕೆ ಎರಡು ಡಿಸ್ಕ್ ತೋರಿಸಬೇಕು. ಒಂದು ಟೆಸ್ಟ್ ಡಿಸ್ಕ್, ಇನ್ನೊಂದು ಸ್ಕ್ರ್ಯಾಚ್ ಡಿಸ್ಕ್. ಸ್ಕ್ರ್ಯಾಚ್ ಡಿಸ್ಕನ್ನು ಅದು ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡುತ್ತದೆ, ಕೇಳುವುದೂ ಇಲ್ಲ. ಬೂಟ್ ಆದಾಗ ಡಿಸ್ಕ್‌ಗಳ ಹೆಸರು ಅದಲುಬದಲಾಗಬಹುದು. ಹಾಗಾಗಿ ಚಿಕ್ಕ ಹೆಸರಿನ ಬದಲು ಸೀರಿಯಲ್ ನಂಬರ್ ಇರುವ ಉದ್ದ ಹೆಸರಿನಿಂದಲೇ ಡಿಸ್ಕ್ ಗುರುತಿಸಿ. ಮೊದಲು ಕ್ವಿಕ್ ಎಂಬ ಗುಂಪಿನ ಪರೀಕ್ಷೆಗಳನ್ನು ಓಡಿಸಿ. ಕೆಲವು ಫೇಲ್ ಆಗೇ ಆಗುತ್ತವೆ. ಅವು ಡೆವಲಪರ್‌ಗೆ ಗೊತ್ತಿರುವ ಪಟ್ಟಿಯಲ್ಲಿವೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಮೊದಲ ವರದಿ ಸಿಕ್ಕಿತು.

ಆದರೆ ಈ ಸಂಗ್ರಹವನ್ನು ಡೆವಲಪರ್‌ಗಳೂ ದಿನಾ ಓಡಿಸುತ್ತಾರೆ. ನಿಮ್ಮಿಂದ ಅವರಿಗೆ ಬೇಕಾಗಿರುವುದು ಅವರು ಮಾಡದ ಕೆಲಸ. ಡಿಸ್ಕನ್ನು ಪೂರ್ತಿ ತುಂಬಿಸಿ, ಆಮೇಲೆ ಫೈಲ್ ಅಳಿಸಲು ಹೋಗಿ. ಹಳೇ ಮಾಹಿತಿಯ ಮೇಲೆ ಬರೆಯದೆ ಹೊಸ ಜಾಗದಲ್ಲೇ ಬರೆಯುವ ಫೈಲ್ ಸಿಸ್ಟಂಗಳಿಗೆ ಫೈಲ್ ಅಳಿಸಲೂ ಜಾಗ ಬೇಕು. ತುಂಬಿದ ಡಿಸ್ಕ್ ಅವುಗಳಿಗೆ ನಿಜಕ್ಕೂ ಕಷ್ಟದ ಪರೀಕ್ಷೆ. ಸ್ನ್ಯಾಪ್‌ಶಾಟ್‌ಗಳನ್ನು (ಆ ಕ್ಷಣದ ಸ್ಥಿತಿಯ ಪ್ರತಿ) ರಾಶಿ ಹಾಕಿ, ನಡುವಿನದನ್ನು ಅಳಿಸಿ. ಕಂಪ್ರೆಷನ್ ಆನ್ ಮಾಡಿ ಅರ್ಧ ಬರೆಯಿರಿ, ಆಫ್ ಮಾಡಿ ಮಿಕ್ಕರ್ಧ ಬರೆಯಿರಿ. ಎರಡು ಡಿಸ್ಕ್‌ಗಳ ವಾಲ್ಯೂಮ್‌ನಿಂದ ಬರವಣಿಗೆ ನಡೆಯುತ್ತಿರುವಾಗಲೇ ಒಂದನ್ನು ಕಿತ್ತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸೇರಿಸಿ. ಒಂದೊಂದೇ ಸೌಲಭ್ಯವನ್ನು ಎಲ್ಲರೂ ನೋಡಿರುತ್ತಾರೆ. ಎರಡು ಮೂರು ಸೌಲಭ್ಯಗಳು ಒಟ್ಟಿಗೆ ಸೇರುವ ಜಾಗಗಳಲ್ಲೇ ಬಗ್‌ಗಳು ಜಾಸ್ತಿ ಅಡಗಿರುತ್ತವೆ. ಚಿಕ್ಕ ಡಿಸ್ಕ್‌ನಿಂದ ಶುರು ಮಾಡಿ. ಅದು ಬೇಗ ತುಂಬುತ್ತದೆ, ಇಮೇಜ್ ಕಳಿಸುವುದೂ ಸುಲಭ.

ಕ್ರ್ಯಾಶ್ ಪರೀಕ್ಷೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಫೈಲ್ ಸಿಸ್ಟಂ ಕೊಡುವ ದೊಡ್ಡ ಭರವಸೆ ಇರುವುದೇ ಅಲ್ಲಿ. ಎಷ್ಟೋ ಜನ ವರ್ಚುವಲ್ ಮಷೀನನ್ನು ಥಟ್ಟನೆ ಕೊಂದು, ಡಿಸ್ಕ್ ಮತ್ತೆ ಮೌಂಟ್ ಆಯಿತು (ಬಳಕೆಗೆ ತೆರೆದುಕೊಂಡಿತು) ಅಂತ ಸಮಾಧಾನಪಡುತ್ತಾರೆ. ಅದು ಉಪಯುಕ್ತವೇ, ಆದರೆ ಕರೆಂಟ್ ಹೋದದ್ದಕ್ಕೆ ಸಮ ಅಲ್ಲ. ಒಳಗಿನ ಕರ್ನಲ್ ಡಿಸ್ಕ್‌ಗೆ ಕಳಿಸಿದ್ದೆಲ್ಲ ಹೊರಗಿನ ಯಂತ್ರದ ಮೆಮೊರಿಯಲ್ಲಿ ಭದ್ರವಾಗಿರುತ್ತದೆ, ಆಮೇಲೆ ಡಿಸ್ಕ್‌ಗೆ ಇಳಿಯುತ್ತದೆ. ನಿಜವಾಗಿ ಕರೆಂಟ್ ಹೋದಾಗ ಡಿಸ್ಕ್‌ನ ಸ್ವಂತ ಕ್ಯಾಶ್‌ನಲ್ಲಿದ್ದದ್ದೂ ಹೋಗುತ್ತದೆ. ಅದರಲ್ಲೂ ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದಕ್ಕೆ ಕ್ರಮವಿಲ್ಲ. ಆ ಕ್ರಮ ತಪ್ಪದಿರಲಿ ಅಂತಲೇ ಫೈಲ್ ಸಿಸ್ಟಂ ನಡುನಡುವೆ ಫ್ಲಷ್ ಆದೇಶ (ಕ್ಯಾಶ್‌ನಲ್ಲಿರುವುದನ್ನು ಈಗಲೇ ಡಿಸ್ಕ್‌ಗೆ ಇಳಿಸು ಎಂದು) ಕೊಡುತ್ತದೆ. ಒಂದು ಕಡೆ ಫ್ಲಷ್ ಮರೆತಿದ್ದರೆ, ವರ್ಚುವಲ್ ಮಷೀನ್ ಎಷ್ಟು ಸಲ ಕೊಂದರೂ ಅದು ಗೊತ್ತಾಗುವುದಿಲ್ಲ.

ಇದಕ್ಕಾಗಿಯೇ ಲಿನಕ್ಸ್‌ನಲ್ಲಿ ಡಿಎಂ-ಲಾಗ್-ರೈಟ್ಸ್ ಎಂಬ ಸಾಧನ ಇದೆ. 2015ರಲ್ಲಿ 4.1 ಕರ್ನಲ್‌ಗೆ ಸೇರಿತು. ಡಿಸ್ಕ್‌ಗೆ ಹೋಗುವ ಪ್ರತಿ ಬರವಣಿಗೆಯನ್ನೂ, ಫ್ಲಷ್ ಆದೇಶಗಳ ಸಮೇತ, ಅದು ಇನ್ನೊಂದು ಡಿಸ್ಕ್‌ನಲ್ಲಿ ದಾಖಲಿಸುತ್ತದೆ. ಆಮೇಲೆ ಆ ದಾಖಲೆಯನ್ನು ನಿಮಗೆ ಬೇಕಾದ ಬಿಂದುವಿನವರೆಗೆ ಮಾತ್ರ ಮರಳಿ ಬರೆದು, ಸರಿಯಾಗಿ ಅಲ್ಲೇ ಕರೆಂಟ್ ಹೋಗಿದ್ದರೆ ಡಿಸ್ಕ್ ಹೇಗಿರುತ್ತಿತ್ತು ಎಂದು ನೋಡಬಹುದು. ಇದೇ ದಾರಿಯಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು ಕ್ರ್ಯಾಶ್‌ಮಂಕಿ ಎಂಬ ಸಾಧನ ಮಾಡಿ, 2018ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಚಿಕ್ಕ ಚಿಕ್ಕ ಕೆಲಸಗಳ ಸರಣಿ ತಯಾರಿಸಿ, ನಡುವೆ ಕ್ರ್ಯಾಶ್ ಅನುಕರಿಸಿ, ಫಲ ನೋಡುವುದು ಅದರ ರೀತಿ. ವರ್ಷಗಳಿಂದ ಬಳಕೆಯಲ್ಲಿದ್ದ ಲಿನಕ್ಸ್ ಫೈಲ್ ಸಿಸ್ಟಂಗಳಲ್ಲೇ ಹತ್ತು ಹೊಸ ದೋಷಗಳು ಸಿಕ್ಕವು. ಅವುಗಳಲ್ಲಿ ಏಳು 2014ರಿಂದ ಕರ್ನಲ್‌ನಲ್ಲಿದ್ದವು. ಗಣಿತದ ರೀತಿಯಲ್ಲಿ ಸರಿ ಎಂದು ಸಾಧಿಸಿದ್ದ ಎಫ್‌ಎಸ್‌ಸಿಕ್ಯೂ ಎಂಬ ಫೈಲ್ ಸಿಸ್ಟಂನಲ್ಲೂ ಒಂದು ಸಿಕ್ಕಿತು. ಎರಡು ಮೂರು ಸಾಲಿನ ಕೆಲಸವೂ ಇಂಥ ದೋಷ ಹೊರಗೆಳೆಯುತ್ತದೆ ಅನ್ನುವುದು ನನಗೆ ಇವತ್ತಿಗೂ ಉತ್ಸಾಹ ಕೊಡುವ ವಿಷಯ.

ನೀವೇ ಬರೆಯಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ನನಗೆ ಇದು ತುಂಬಾ ಇಷ್ಟ. ಒಂದು ಚಿಕ್ಕ ಪ್ರೋಗ್ರಾಂ ಫೈಲಿಗೆ ಒಂದು ಸಂಖ್ಯೆ ಬರೆಯಲಿ. ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೆ ಖಚಿತವಾಗಿ ಇಳಿಸು ಎಂಬ ಆದೇಶ) ಮಾಡಲಿ. ಎಫ್‌ಸಿಂಕ್ ಯಶಸ್ವಿಯಾಗಿ ಮರಳಿದ ಮೇಲೆ ಮಾತ್ರ ಆ ಸಂಖ್ಯೆಯನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸಲಿ. ಮತ್ತೆ ಮುಂದಿನ ಸಂಖ್ಯೆ. ಓಡುತ್ತಿರುವಾಗಲೇ ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ತೆಗೆದು, ಚಾರ್ಜರ್ ಕಿತ್ತುಬಿಡಿ. ಮತ್ತೆ ಬೂಟ್ ಮಾಡಿ ನೋಡಿ. ಇನ್ನೊಂದು ಯಂತ್ರಕ್ಕೆ ತಲುಪಿದ ಕೊನೆಯ ಸಂಖ್ಯೆ ಫೈಲಿನಲ್ಲಿ ಇರಲೇಬೇಕು. ಜಾಸ್ತಿ ಇದ್ದರೆ ತಪ್ಪಿಲ್ಲ. ಒಂದು ಕಡಿಮೆ ಇದ್ದರೂ ಯಾರೋ ಮಾತು ತಪ್ಪಿದ್ದಾರೆ. ಅದು ಫೈಲ್ ಸಿಸ್ಟಂ ಇರಬಹುದು, ಫ್ಲಷ್ ಆಯಿತು ಅಂತ ಸುಳ್ಳು ಹೇಳುವ ಡಿಸ್ಕ್ ಇರಬಹುದು. ಅದೇ ಪರೀಕ್ಷೆಯನ್ನು ಅದೇ ಡಿಸ್ಕ್‌ನಲ್ಲಿ ಪಳಗಿದ ಇಎಕ್ಸ್‌ಟಿ4 ಫೈಲ್ ಸಿಸ್ಟಂ ಹಾಕಿ ಓಡಿಸಿದರೆ ತಪ್ಪು ಯಾರದ್ದೆಂದು ಬಹುಮಟ್ಟಿಗೆ ತಿಳಿಯುತ್ತದೆ.

ಇಎಕ್ಸ್‌ಟಿ4 ಅಂದಾಗ ಅದರ ಕಥೆಯೂ ಇಲ್ಲಿ ಹೊಂದುತ್ತದೆ. ಈಗ ಎಲ್ಲರೂ ಕಣ್ಣುಮುಚ್ಚಿ ನಂಬುವ ಇದು 2006ರಲ್ಲಿ 2.6.19 ಕರ್ನಲ್‌ಗೆ ಬಂದಾಗ ಇದರ ಹೆಸರೇ ಇಎಕ್ಸ್‌ಟಿ4ಡೆವ್. ಯಾರೂ ತಿಳಿಯದೆ ಬಳಸದಿರಲಿ ಅಂತ ಹಾಗಿಟ್ಟಿದ್ದರು. ಪ್ರಾಯೋಗಿಕ ಕೋಡ್ ಇದನ್ನು ಮೌಂಟ್ ಮಾಡಬಹುದು ಎಂಬ ಗುರುತನ್ನು ಸೂಪರ್‌ಬ್ಲಾಕ್‌ನಲ್ಲಿ (ಫೈಲ್ ಸಿಸ್ಟಂ ತನ್ನ ಮೂಲ ವಿವರ ಇಡುವ ಜಾಗ) ಹಾಕುವ ವ್ಯವಸ್ಥೆಯನ್ನೂ ತಂದರು. 2008ರ ಡಿಸೆಂಬರ್‌ನಲ್ಲಿ, 2.6.28ರಲ್ಲಿ, ಸ್ಥಿರ ಎಂದು ಘೋಷಿಸಿ ಡೆವ್ ಬಾಲ ತೆಗೆದರು. ಅದಾದ ಮೇಲೆ 2009ರಲ್ಲಿ ಉಬುಂಟುವಿನ ಪರೀಕ್ಷಾ ಆವೃತ್ತಿ ಬಳಸುತ್ತಿದ್ದವರಿಂದ ದೂರು ಬಂತು. ಯಂತ್ರ ಕ್ರ್ಯಾಶ್ ಆದರೆ, ಸ್ವಲ್ಪ ಮುಂಚೆ ಬರೆದ ಸೆಟ್ಟಿಂಗ್ಸ್ ಫೈಲ್‌ಗಳು ಸೊನ್ನೆ ಬೈಟ್ ಆಗಿರುತ್ತಿದ್ದವು. ಇದರ ಹಿಂದಿನ ಇಎಕ್ಸ್‌ಟಿ3 ಸುಮಾರು 5 ಸೆಕೆಂಡಿಗೊಮ್ಮೆ ಎಲ್ಲವನ್ನೂ ಡಿಸ್ಕ್‌ಗೆ ಇಳಿಸುತ್ತಿತ್ತು. ಹೊಸದು ಜಾಗ ಹಂಚುವುದನ್ನೇ ಮುಂದೂಡುತ್ತಿದ್ದರಿಂದ ಅಪಾಯದ ಅವಧಿ ಉದ್ದವಾಗಿತ್ತು. ಎಷ್ಟೋ ಅಪ್ಲಿಕೇಷನ್‌ಗಳು ಎಫ್‌ಸಿಂಕ್ ಮಾಡದೆ ಫೈಲ್ ಬದಲಿಸುತ್ತಿದ್ದವು. ನಿಯಮದ ಪ್ರಕಾರ ಫೈಲ್ ಸಿಸ್ಟಂ ತಪ್ಪು ಮಾಡಿರಲಿಲ್ಲ. ಆದರೂ ಡೆವಲಪರ್‌ಗಳು 2.6.30ರಲ್ಲಿ ಇಂಥ ಸಂದರ್ಭ ಗುರುತಿಸಿ ಬೇಗ ಬರೆಯುವ ಹಾಗೆ ಮಾಡಿದರು. ಜನ ನಿಜವಾಗಿ ಹೇಗೆ ಬಳಸುತ್ತಾರೆ ಅಂತ ಹೇಳಲು ಪರೀಕ್ಷಕರು ಇಲ್ಲದಿದ್ದರೆ ಆ ಬದಲಾವಣೆ ಇನ್ನೂ ತಡವಾಗುತ್ತಿತ್ತು. ಈ ಒಂದು ಅಂಶದಲ್ಲಿ ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. ದಿನಬಳಕೆ ಬೇಕು. ಆದರೆ ದಿನಬಳಕೆಯ ಡೇಟಾಗೆ ಬೇರೆ ಫೈಲ್ ಸಿಸ್ಟಂ ಮೇಲೆ, ಹಿಂದಿನ ದಿನಗಳ ಪ್ರತಿಗಳನ್ನೂ ಉಳಿಸಿಕೊಳ್ಳುವ ಬ್ಯಾಕಪ್ ಇದ್ದಾಗ ಮಾತ್ರ. ಬರೀ ಕನ್ನಡಿಯಂತೆ ನಕಲು ಮಾಡುವ ಬ್ಯಾಕಪ್ ಕೆಟ್ಟ ಫೈಲನ್ನೂ ನಿಷ್ಠೆಯಿಂದ ನಕಲು ಮಾಡಿ ಒಳ್ಳೆಯ ಪ್ರತಿಯನ್ನು ಅಳಿಸಿಬಿಡುತ್ತದೆ.

ಈಗ, ಕೆಟ್ಟಾಗ ಏನು ಮಾಡಬೇಕು. ಮೊದಲು ಕೈ ಹಿಂದಕ್ಕೆ ತೆಗೆಯಿರಿ. ರಿಪೇರಿ ಕಮಾಂಡ್ ಓಡಿಸಬೇಡಿ. ಹೊಸ ಫೈಲ್ ಸಿಸ್ಟಂನ ರಿಪೇರಿ ಸಾಧನ ಫೈಲ್ ಸಿಸ್ಟಂಗಿಂತಲೂ ಎಳೆಯದು. ಬಿಟಿಆರ್‌ಎಫ್‌ಎಸ್‌ನ ರಿಪೇರಿ ಆಯ್ಕೆಯೇ ಡೆವಲಪರ್ ಅಥವಾ ಅನುಭವಿ ಬಳಕೆದಾರ ಹೇಳದೆ ಬಳಸಬೇಡಿ ಎಂದು ಇಂದಿಗೂ ಎಚ್ಚರಿಸುತ್ತದೆ. ರಿಪೇರಿ ಯಶಸ್ವಿಯಾದರೂ ದೋಷದ ಸಾಕ್ಷಿ ಅಳಿಸಿಹೋಗುತ್ತದೆ.

ರೀಡ್-ಓನ್ಲಿ ಮೌಂಟ್ ಮಾಡಿದರೆ ಡಿಸ್ಕ್‌ಗೆ ಏನೂ ಬರೆಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಎರಡೂ ರೀಡ್-ಓನ್ಲಿ ಮೌಂಟ್‌ನಲ್ಲೂ ಜರ್ನಲ್ (ಅರ್ಧಕ್ಕೆ ನಿಂತ ಬದಲಾವಣೆಗಳ ದಾಖಲೆ) ಮರಳಿ ಓಡಿಸುತ್ತವೆ, ಅಂದರೆ ಡಿಸ್ಕ್ ಬದಲಾಗುತ್ತದೆ. ಆದ್ದರಿಂದ ಮೊದಲು ಬ್ಲಾಕ್ ಡಿವೈಸನ್ನೇ (ಅಂದರೆ ಕರ್ನಲ್‌ಗೆ ಕಾಣುವ ಡಿಸ್ಕನ್ನೇ) ರೀಡ್-ಓನ್ಲಿ ಮಾಡಿ, ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ. ಮುಂದಿನ ಪ್ರಯೋಗವೆಲ್ಲ ಆ ಇಮೇಜಿನ ಪ್ರತಿಯ ಮೇಲೆ ನಡೆಯಲಿ. ಇಲ್ಲಿ ಒಂದು ಎಚ್ಚರಿಕೆ. ಬಿಟಿಆರ್‌ಎಫ್‌ಎಸ್‌ನಂಥವು ತಮ್ಮ ಡಿಸ್ಕ್‌ಗಳನ್ನು ಯುಯುಐಡಿ ಎಂಬ ಗುರುತು ಸಂಖ್ಯೆಯಿಂದ ಗುರುತಿಸುತ್ತವೆ. ಮೂಲ ಮತ್ತು ಪ್ರತಿ ಎರಡೂ ಒಂದೇ ಯಂತ್ರಕ್ಕೆ ಕಾಣುತ್ತಿದ್ದರೆ ಯಾವುದು ಯಾವುದೆಂದು ಗೊಂದಲವಾಗಿ ಎರಡೂ ಕೆಡಬಹುದು. ಮೂಲವನ್ನು ಕಳಚಿ ಬದಿಗಿಟ್ಟು ಪ್ರತಿಯನ್ನು ಮುಟ್ಟಿ.

ವರ್ಚುವಲ್ ಮಷೀನ್ ಆಗಿದ್ದರೆ ಇದು ಒಂದು ಫೈಲ್ ಕಾಪಿ ಮಾಡಿದಷ್ಟೇ ಸುಲಭ.

ಕರ್ನಲ್ ಲಾಗ್‌ನಲ್ಲಿ ಎಲ್ಲಕ್ಕಿಂತ ಮೊದಲು ಬಂದ ಎಚ್ಚರಿಕೆ ಹುಡುಕಿ. ಕೊನೆಯಲ್ಲಿ ಪರದೆ ತುಂಬ ಕಾಣುವ ಸಾಲುಗಳು ಹೆಚ್ಚಾಗಿ ಪರಿಣಾಮ, ಕಾರಣ ಅಲ್ಲ. ಯಾವುದೋ ಪ್ರೋಗ್ರಾಂ 120 ಸೆಕೆಂಡಿನಿಂದ ಅಲುಗಾಡಿಲ್ಲ ಎಂಬ ಸಂದೇಶ ಕಂಡರೂ ಅದಕ್ಕಿಂತ ಹಿಂದೆ ಹೋಗಿ ನೋಡಿ. ಲಾಗ್ ಅನ್ನು ಪೂರ್ತಿ ಕಳಿಸಿ. ಮುಖ್ಯವಾದ ಸಾಲು ಇದೇ ಇರಬೇಕು ಅಂತ ನೀವೇ ಕತ್ತರಿಸಬೇಡಿ. ಪರದೆಯ ಫೋಟೋ ಬೇರೆ ದಾರಿ ಇಲ್ಲದಾಗ ಮಾತ್ರ.

ಒಳ್ಳೆಯ ವರದಿ ಹೇಗಿರುತ್ತದೆ? ಹೀಗೆ ಬರೆದರೆ ಸಾಕು: "ವರ್ಚುವಲ್ ಮಷೀನ್‌ನಲ್ಲಿ 8 ಜಿಬಿ ಡಿಸ್ಕ್, ಕಂಪ್ರೆಷನ್ ಆನ್ ಮಾಡಿ ಫಾರ್ಮ್ಯಾಟ್ ಮಾಡಿದೆ. ಕರ್ನಲ್ ಸೋರ್ಸ್ ಬಿಡಿಸಿ, ಒಂದು ಸ್ನ್ಯಾಪ್‌ಶಾಟ್ ತೆಗೆದೆ. ಡಿಸ್ಕ್ ತುಂಬುವವರೆಗೆ ಒಂದು ಫೈಲ್ ಬೆಳೆಸಿದೆ. ಸ್ನ್ಯಾಪ್‌ಶಾಟ್ ಅಳಿಸಿದೆ. ಜಾಗ ವಾಪಸ್ ಬರಬೇಕಿತ್ತು, ಬರಲಿಲ್ಲ. ಅನ್‌ಮೌಂಟ್ ಮಾಡಿದಾಗ ಕೆಳಗಿನ ಎಚ್ಚರಿಕೆ ಬಂತು. ಕಂಪ್ರೆಷನ್ ಆಫ್ ಇದ್ದಾಗ ಹೀಗಾಗುವುದಿಲ್ಲ. ಪ್ರತಿ ಸಲವೂ ಮರುಕಳಿಸುತ್ತದೆ, ಸ್ಕ್ರಿಪ್ಟ್ ಜೊತೆಗಿದೆ." ಇದರ ಜೊತೆ ಕರ್ನಲ್ ಆವೃತ್ತಿ, ಫೈಲ್ ಸಿಸ್ಟಂ ಸಾಧನಗಳ ಆವೃತ್ತಿ, ಮೌಂಟ್ ಆಯ್ಕೆಗಳು ಇರಲಿ. ಡಿಸ್ಟ್ರಿಬ್ಯೂಷನ್ ಕರ್ನಲ್ ಆಗಿದ್ದರೆ ಹಾಗಂತ ಹೇಳಿ, ಹೊರಗಿನ ಮಾಡ್ಯೂಲ್ (ಕರ್ನಲ್‌ಗೆ ಪ್ರತ್ಯೇಕವಾಗಿ ಜೋಡಿಸುವ ಕೋಡ್) ಸೇರಿಸಿದ್ದರೆ ಅದನ್ನೂ ಹೇಳಿ. ಆ ವರದಿಯಲ್ಲಿ ನನಗೆ ಅತ್ಯಂತ ಬೆಲೆಬಾಳುವ ವಾಕ್ಯ ಯಾವುದು ಗೊತ್ತೇ? ಕಂಪ್ರೆಷನ್ ಆಫ್ ಇದ್ದಾಗ ಆಗುವುದಿಲ್ಲ ಎಂಬುದು. ಡೆವಲಪರ್ ಹುಡುಕಬೇಕಾದ ಕೋಡ್ ಅಲ್ಲೇ ಅರ್ಧಕ್ಕಿಂತ ಕಡಿಮೆ ಆಯಿತು.

ಸಿ ಕೋಡ್ ಬರದವರು ಮಾಡಬಹುದಾದ ಇನ್ನೊಂದು ದೊಡ್ಡ ಕೆಲಸ ಬೈಸೆಕ್ಟ್. ಹಿಂದಿನ ಕರ್ನಲ್‌ನಲ್ಲಿ ಸರಿಯಿತ್ತು, ಹೊಸದರಲ್ಲಿ ಕೆಟ್ಟಿತು ಅಂದರೆ ನಡುವಿನ ಬದಲಾವಣೆಗಳಲ್ಲಿ ತಪ್ಪು ಯಾವುದು ಎಂದು ಗಿಟ್ (ಕೋಡ್ ಬದಲಾವಣೆಗಳ ದಾಖಲೆ ಇಡುವ ಸಾಧನ) ಸಹಾಯದಿಂದ ಅರ್ಧರ್ಧ ಮಾಡುತ್ತ ಹುಡುಕುವುದು. ಎರಡು ಕರ್ನಲ್ ಆವೃತ್ತಿಗಳ ನಡುವೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆ ಇರುವುದು ಮಾಮೂಲು. ಆದರೂ ಸುಮಾರು 14 ಸಲ ಕಂಪೈಲ್ ಮಾಡಿ ಪರೀಕ್ಷಿಸಿದರೆ ಒಂದೇ ಒಂದಕ್ಕೆ ಬಂದು ನಿಲ್ಲುತ್ತೀರಿ. ನಿಮಗೆ ಕಂಪೈಲ್ ಮಾಡಲು ಬರುತ್ತದೆ, ಅಷ್ಟೇ ಬೇಕಾಗಿರುವುದು. ತೊಂದರೆ ಪ್ರತಿ ಸಲ ಬರದೆ ಆಗೊಮ್ಮೆ ಈಗೊಮ್ಮೆ ಬರುವಂಥದ್ದಾದರೆ, ಪ್ರತಿ ಹಂತದಲ್ಲೂ ಸಾಕಷ್ಟು ಹೊತ್ತು ಓಡಿಸದೆ ಸರಿ ಇದೆ ಎಂದು ಗುರುತು ಹಾಕಬೇಡಿ. ಒಂದು ತಪ್ಪು ಗುರುತು ಇಡೀ ಹುಡುಕಾಟವನ್ನು ಬೇರೆ ದಿಕ್ಕಿಗೆ ತಿರುಗಿಸುತ್ತದೆ.

ಪ್ಯಾಚ್ (ದೋಷ ಸರಿಪಡಿಸುವ ಕೋಡ್ ಬದಲಾವಣೆ) ಬಂದ ಮೇಲೆ ನಿಮ್ಮ ಸ್ಕ್ರಿಪ್ಟನ್ನು ಮತ್ತೆ ಓಡಿಸಿ, ಫಲ ತಿಳಿಸಿ. ತುಂಬಾ ಜನ ಇಲ್ಲಿ ಸುಮ್ಮನಾಗುತ್ತಾರೆ. ಸರಿಹೋಯಿತು ಎಂಬ ಎರಡು ಸಾಲು ಬರದೆ ಡೆವಲಪರ್ ಆ ಪ್ಯಾಚ್ ಮುಂದೆ ಕಳಿಸಲು ಹಿಂಜರಿಯುವುದುಂಟು. ಹಾಗೆಯೇ, ಏನೂ ಕೆಡಲಿಲ್ಲ ಎಂಬ ವರದಿಗೂ ಬೆಲೆ ಇದೆ. ಆದರೆ ಏನು ಮಾಡಿದಾಗ ಕೆಡಲಿಲ್ಲ ಎಂದು ಹೇಳಿದರೆ ಮಾತ್ರ. ಆರು ತಿಂಗಳಿಂದ ಬಳಸುತ್ತಿದ್ದೇನೆ, ಚೆನ್ನಾಗಿದೆ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಹೋಮ್ ಫೋಲ್ಡರ್ ಯಾವಾಗ ಇಡಬಹುದು? ಇಡೀ ಫೈಲ್ ಸಿಸ್ಟಂ ಒಂದೇ ದಿನ ನಂಬಿಕೆಗೆ ಅರ್ಹವಾಗುವುದಿಲ್ಲ. ಒಂದೊಂದು ಸೌಲಭ್ಯ ಒಂದೊಂದು ಕಾಲಕ್ಕೆ ಪಕ್ವವಾಗುತ್ತದೆ. ಬಿಟಿಆರ್‌ಎಫ್‌ಎಸ್ 2009ರಲ್ಲಿ ಕರ್ನಲ್ ಸೇರಿತು. ಓಪನ್‌ಸೂಸೆ ಡಿಸ್ಟ್ರಿಬ್ಯೂಷನ್ ಅದನ್ನು 2014ರಲ್ಲಿ 13.2 ಆವೃತ್ತಿಯಲ್ಲಿ ಡೀಫಾಲ್ಟ್ ಮಾಡಿತು, ಫೆಡೋರಾ ತನ್ನ ಡೆಸ್ಕ್‌ಟಾಪ್ ಆವೃತ್ತಿಗಳಿಗೆ 2020ರಲ್ಲಿ. ಅದೇ ಬಿಟಿಆರ್‌ಎಫ್‌ಎಸ್‌ನ ರೇಡ್ 5 ಮತ್ತು 6 (ಹಲವು ಡಿಸ್ಕ್‌ಗಳಲ್ಲಿ ಡೇಟಾ ಹಂಚಿಡುವ ವಿಧಾನಗಳು) ಮಾತ್ರ 2013ರಲ್ಲಿ ಬಂದರೂ ಇನ್ನೂ ಎಚ್ಚರಿಕೆಯ ಪಟ್ಟಿಯಲ್ಲೇ ಇವೆ. ಸ್ಥಿರ ಅಂತ ಹಣೆಪಟ್ಟಿ ಇದ್ದ ಮಾತ್ರಕ್ಕೆ ಮೈಮರೆಯುವ ಹಾಗೂ ಇಲ್ಲ. 2023ರ ಡಿಸೆಂಬರ್‌ನಲ್ಲಿ 6.1.64 ಕರ್ನಲ್‌ನಲ್ಲಿ ಇಎಕ್ಸ್‌ಟಿ4 ಡೇಟಾ ಕೆಡಿಸುವ ದೋಷ ನುಸುಳಿ, ಡೆಬಿಯನ್ 12.3ರ ಇಮೇಜ್‌ಗಳನ್ನು ತಡೆಹಿಡಿಯಬೇಕಾಯಿತು. ಹೊಸ ಕರ್ನಲ್‌ನಿಂದ ಹಳೆಯದಕ್ಕೆ ಒಂದು ಪ್ಯಾಚ್ ತಂದಾಗ ಅದರ ಜೊತೆ ಬರಬೇಕಿದ್ದ ಇನ್ನೊಂದು ಬಂದಿರಲಿಲ್ಲ. ಹಾಗಾಗಿ ನೀವು ಬಳಸುವ ಸೌಲಭ್ಯಗಳ ಸ್ಥಿತಿ ಏನು ಎಂದು ಪ್ರಾಜೆಕ್ಟ್‌ನ ದಾಖಲೆಯಲ್ಲಿ ಒಂದೊಂದಾಗಿ ನೋಡಿ, ಅಷ್ಟನ್ನು ಮಾತ್ರ ಆನ್ ಮಾಡಿ.

ಕೊನೆಗೆ, ಫಾರ್ಮ್ಯಾಟ್ ಮಾಡುವ ಮುಂಚೆ ಹೊರಬರುವ ದಾರಿ ನೋಡಿಕೊಳ್ಳಿ. ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ 2024ರ ಜನವರಿಯಲ್ಲಿ ಬಂದ 6.7 ಕರ್ನಲ್‌ನಲ್ಲಿ ಪ್ರಾಯೋಗಿಕ ಎಂಬ ಹಣೆಪಟ್ಟಿಯೊಂದಿಗೆ ಸೇರಿತ್ತು. ಬದಲಾವಣೆಗಳನ್ನು ಯಾವಾಗ, ಹೇಗೆ ಕಳಿಸಬೇಕು ಎಂಬುದರ ಬಗ್ಗೆ ಅದರ ಲೇಖಕ ಕೆಂಟ್ ಓವರ್‌ಸ್ಟ್ರೀಟ್ ಮತ್ತು ಲಿನಕ್ಸ್ ಕರ್ನಲ್‌ನ ಮುಖ್ಯಸ್ಥ ಲೈನಸ್ ಟೊರ್ವಾಲ್ಡ್ಸ್ ನಡುವೆ ಭಿನ್ನಾಭಿಪ್ರಾಯ ಬೆಳೆಯಿತು. 2025ರಲ್ಲಿ, 6.18 ಕರ್ನಲ್‌ನಿಂದ ಅದನ್ನು ತೆಗೆದುಹಾಕಿದರು. ಪ್ರಾಜೆಕ್ಟ್ ನಿಂತಿಲ್ಲ, ಹೊರಗಿನ ಮಾಡ್ಯೂಲ್ ಆಗಿ ಮುಂದುವರಿದಿದೆ. ಆದರೆ ಸುಮ್ನೆ ಕರ್ನಲ್ ಅಪ್‌ಡೇಟ್ ಮಾಡಿದವರಿಗೆ ಆ ಮಾಡ್ಯೂಲ್ ಇಲ್ಲದೆ ಡಿಸ್ಕ್ ಮೌಂಟ್ ಆಗುವುದಿಲ್ಲ. ಅದರ ಕೋಡ್ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ನೋಡಿ. ಡಿಸ್ಕ್ ಮೇಲಿನ ಫಾರ್ಮ್ಯಾಟ್ ಆವೃತ್ತಿ ಮೇಲಕ್ಕೆ ಏರಿದರೆ ಹಳೇ ಕರ್ನಲ್ ಓದಲಾಗದೇ ಇರಬಹುದು ಎಂಬುದೂ ನೆನಪಿರಲಿ. ಡಿಸ್ಕ್ ಓದಬಲ್ಲ ಒಂದು ಕರ್ನಲ್ ಮತ್ತು ಅದಕ್ಕೆ ಹೊಂದುವ ಆವೃತ್ತಿಯ ಸಾಧನಗಳಿರುವ ಬೂಟ್ ಆಗುವ ಯುಎಸ್‌ಬಿ ಮಾಡಿ, ಅದರಿಂದ ಒಮ್ಮೆ ಮೌಂಟ್ ಆಗುತ್ತದೆಯೇ ಎಂದು ನೋಡಿ ತೆಗೆದಿಡಿ. ಪ್ರತಿ ಫಾರ್ಮ್ಯಾಟ್ ಅಪ್‌ಗ್ರೇಡ್ ಆದ ಮೇಲೂ ಅದನ್ನು ಹೊಸದು ಮಾಡಿಕೊಳ್ಳಿ.